ಸರ್ಕಾರಕ್ಕೂ ಒಂದು ಬದು

(ನ್ಯಾಮತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ನ್ಯಾಮತಿ ಕಡೆಯ ಹೊಲಗಳಲ್ಲಿ ಬದುವಿನ ತಂಟೆಗೆ ಅಣ್ಣತಮ್ಮಂದಿರೇ ಕೋರ್ಟು ಮೆಟ್ಟಿಲು ಹತ್ತುವುದುಂಟು. ಬದು ಒತ್ತಿದವನು ಪಕ್ಕದ ರೈತನಾದರೆ ದಾವೆ ಹೂಡಬಹುದು. ಸರ್ಕಾರವೇ ಒತ್ತಿದರೆ?

ಈ ಪ್ರಶ್ನೆಯ ಸುತ್ತ ಕಾನೂನು ಚಿಂತನೆಯ ಒಂದು ಪರಂಪರೆ ಬೆಳೆದಿದೆ. ಅದಕ್ಕೆ ಎರಡು ಕವಲು. ಬಹುಕಾಲ ಬಾಳಿದ ವ್ಯವಸ್ಥೆಯನ್ನು ಅವಸರದಲ್ಲಿ ಕೆಡವಬಾರದು ಎನ್ನುವುದು ಸಂಪ್ರದಾಯವಾದ; ಇಂಗ್ಲೆಂಡಿನಲ್ಲಿ ಬರ್ಕ್ ಇದಕ್ಕೆ ಹೆಸರಾದವನು. ವ್ಯಕ್ತಿಯ ಬದುಕು, ದುಡಿಮೆ, ಆಸ್ತಿಗಳಲ್ಲಿ ಪ್ರಭುತ್ವ ಆದಷ್ಟು ಕಡಿಮೆ ಕೈಹಾಕಬೇಕು ಎನ್ನುವುದು ಸ್ವಾತಂತ್ರ್ಯವಾದ. ಅದರ ಬೇರು ಲಾಕ್‌ನಲ್ಲಿದೆ. ಭಾರತದಲ್ಲಿ ರಾಜಾಜಿ ಮೊದಲಾದವರು 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದಲ್ಲಿ ಎರಡೂ ಕೂಡಿದ್ದವು.

ಕನ್ನಡಿಗರಿಗೆ ಹತ್ತಿರದ ನಿದರ್ಶನ ಕಾಸರಗೋಡಿನ ಎಡನೀರು ಮಠ. ಕೇರಳದ ಭೂಸುಧಾರಣಾ ಕಾಯ್ದೆ ಮಠದ ಜಮೀನಿಗೆ ಕುತ್ತಾದಾಗ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ನಾನಿ ಪಾಲ್ಖಿವಾಲಾ ವಾದಿಸಿದರು. 13 ನ್ಯಾಯಮೂರ್ತಿಗಳು 68 ದಿನ ವಿಚಾರಣೆ ನಡೆಸಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಬಹುಮತದ ಕಡೆಗಿದ್ದ ನ್ಯಾಯಮೂರ್ತಿಗಳಲ್ಲಿ ಕರ್ನಾಟಕದ ಕೆ.ಎಸ್. ಹೆಗ್ಡೆ ಒಬ್ಬರು. ಅವರನ್ನೂ ಶೇಲತ್, ಗ್ರೋವರ್ ಅವರನ್ನೂ ಹಿಂದೆ ಹಾಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು.

ತೀರ್ಪಿನಿಂದ ಭೂಸುಧಾರಣೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಒಡೆಯನ ಆಸ್ತಿಯ ಹಕ್ಕು ಗೇಣಿದಾರನಿಗೆ ಸಂಕೋಲೆಯಾಗಿತ್ತು ಎಂಬುದನ್ನು ಈ ಪರಂಪರೆ ಸಾಕಷ್ಟು ಗಮನಿಸಲಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರದ ವಶವಾಯಿತು. ಏಳನೇ ನಮೂನೆ ಅರ್ಜಿ ಕೊಟ್ಟು ಅನೇಕ ಗೇಣಿದಾರರು ಹೊಲದೊಡೆಯರಾದರು. 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು.

ಹಾಗಾದರೆ ಉಳಿದದ್ದೇನು? ತುರ್ತುಪರಿಸ್ಥಿತಿಯಲ್ಲಿ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದಿಂದ ಹೊರಗಿಡಲು ತಂದ ತಿದ್ದುಪಡಿಯ ಭಾಗವನ್ನು 1975ರಲ್ಲಿ ಸುಪ್ರೀಂ ಕೋರ್ಟು ಇದೇ ತತ್ವದ ಮೇಲೆ ತಳ್ಳಿಹಾಕಿತು. ಮಠದ ಜಮೀನಿಗಾಗಿ ಹುಟ್ಟಿದ ವಾದ ಮತದಾರನ ಕಾವಲಿಗೆ ಬಂತು. ಇನ್ನು, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ 300ಎ ವಿಧಿ ಉಳಿದಿದೆ. ಅಂದು ಉಳುಮೆಯಿಂದ ಹೊಲ ಪಡೆದ ಗೇಣಿದಾರನ ಮೊಮ್ಮಗನಿಗೂ ಇಂದು ಅದೇ ಬದು.