ಯಾರ ಬಡಿತ, ಯಾರ ಮಾತು?

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೇ,

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಈಗ ಡಿ.ಜೆ. ಅಂದರೆ ಟ್ರ್ಯಾಕ್ಟರ್ ಮೇಲೆ ಕಟ್ಟಿದ ಸ್ಪೀಕರ್ ಪೆಟ್ಟಿಗೆ. ಜಮೈಕಾ ದ್ವೀಪದಲ್ಲಿ ಡಿ.ಜೆ. ಅಂದರೆ ಮನುಷ್ಯ, ಮೈಕ್ ಹಿಡಿದು ಮಾತಾಡುವವನು. ಅವನ ಕತೆ ನಾವು ಇವತ್ತು ಹೇಳ್ತಿರೋದು ಯಾಕಂದ್ರೆ, ಅದರಲ್ಲಿ ನಮ್ಮ ತಮಟೆಯ ಪ್ರಶ್ನೆಯೂ ಇದೆ.

ಜಮೈಕಾದ ಬಹುಪಾಲು ಜನ ಆಫ್ರಿಕಾದಿಂದ ಹಿಡಿದು ತಂದು ಕಬ್ಬಿನ ತೋಟಗಳಿಗೆ ಮಾರಿದ ಗುಲಾಮರ ವಂಶದವರು. ಕಬ್ಬಿನ ಗದ್ದೆ ಕೂಲಿ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1950ರ ದಶಕದಲ್ಲಿ ಕಿಂಗ್‌ಸ್ಟನ್ ಪಟ್ಟಣದ ಬಡವರ ಕೇರಿಗಳಲ್ಲಿ ದೊಡ್ಡ ಸ್ಪೀಕರ್ ಇಟ್ಟು, ಬಯಲಲ್ಲೇ ಗ್ರಾಮಫೋನ್ ಪ್ಲೇಟು ಹಾಕಿ ಕುಣಿಯುತ್ತಿದ್ದರು. ಹಾಡಿನ ನಡುವೆ ಕೌಂಟ್ ಮಚೂಕಿ ಎಂಬಾತ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡತೊಡಗಿದ. ಇದಕ್ಕೆ 'ಟೋಸ್ಟಿಂಗ್' ಅಂತ ಹೆಸರು. ನೀಲಗಾರರು ಮಂಟೇಸ್ವಾಮಿ ಕತೆಯಲ್ಲಿ ಹಾಡು ಬಿಟ್ಟು ಮಾತಿಗೆ ಇಳಿಯೋದನ್ನು ಕೇಳಿದವರಿಗೆ ಇದೇನೂ ಹೊಸದಲ್ಲ.

1970ರಲ್ಲಿ ಡ್ಯೂಕ್ ರೀಡ್ ಎಂಬ ನಿರ್ಮಾಪಕ, ಹಿಂದೆ ಪೊಲೀಸಾಗಿದ್ದವನು, ಯು-ರಾಯ್ ಎಂಬ ಡಿ.ಜೆ.ಯನ್ನು ಸ್ಟುಡಿಯೋಕ್ಕೆ ಕರೆಸಿದ. ಹಳೆಯ ಹಾಡುಗಳಲ್ಲಿ ಹಾಡುಗಾರರ ದನಿಯನ್ನು ಬಹುಮಟ್ಟಿಗೆ ತೆಗೆದು, ಉಳಿದ ಬಡಿತದ ಮೇಲೆ ಮಾತಾಡಿಸಿದ. ಆ ಮೂರು ಪ್ಲೇಟುಗಳು ದೇಶದ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನ ಹಿಡಿದವು. ಕೇರಿಯ ಮಾತು ಪ್ಲೇಟಿಗೆ ಏರಿತು.

ಆದರೆ ಬಡಿತ ಯಾರದಾಯ್ತು? ಬಾರಿಸಿದವರಿಗೆ ಒಂದು ಹಾಡಿಗೆ ಇಷ್ಟು ಅಂತ ಕೂಲಿ. ಆಮೇಲೆ ಅದೇ ಬಡಿತದ ಮೇಲೆ ಎಷ್ಟು ಪ್ಲೇಟು ತೆಗೆದರೂ ಲಾಭ ಟೇಪಿನ ಧಣಿಗೆ. ಮಾತಾಡಿದವನಿಗೆ ಹೆಸರಾದರೂ ಬಂತು, ಬಾರಿಸಿದ ಎಷ್ಟೋ ಜನಕ್ಕೆ ಅದೂ ಇಲ್ಲ.

ಈಗ ನಮ್ಮ ಊರಿಗೆ ಬನ್ನಿ. ಇಲ್ಲಿ ಬಡಿತ ನಮ್ಮದೇ. ಮಾರಿಹಬ್ಬಕ್ಕೂ ತಮಟೆ, ಸಾವಿಗೂ ತಮಟೆ. ಅಪ್ಪಣೆ ಮಾತ್ರ ಊರಿನವರದು. 'ಬಾರಿಸ್ರೋ' ಅಂದಾಗ ಬಾರಿಸಬೇಕು, 'ಸಾಕು' ಅಂದಾಗ ನಿಲ್ಲಿಸಬೇಕು. ತಮಟೆ ದೇವರ ಮುಂದೆ, ಬಡಿಯುವವನು ಗುಡಿಯ ಹೊರಗೆ. ಬಿಟ್ಟಿ ಬಾರಿಸಲ್ಲ ಅಂದವರಿಗೆ ಬಹಿಷ್ಕಾರ ಹಾಕಿದ ಊರುಗಳೂ ಉಂಟು.

ಇದನ್ನು ತಿರುಗಿಸಿದ್ದು ದಲಿತ ಚಳವಳಿ. ನಿಮ್ಮ ಹಾಗೇ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಅವರ ಹಾಡುಗಳು ಪುಸ್ತಕದಲ್ಲೇ ಕೂರಲಿಲ್ಲ, ತಮಟೆ ಜೊತೆ ಜಾಥಾಗಳಲ್ಲಿ ನಡೆದವು. ನಮ್ಮ ಬಡಿತ, ನಮ್ಮ ಮಾತು, ನಡುವೆ ಧಣಿ ಇಲ್ಲ. ಯು-ರಾಯ್ ಮತ್ತು ಸಿದ್ಧಲಿಂಗಯ್ಯ ಇಬ್ಬರೂ 2021ರಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸ ಬಾಕಿ ಇದೆ.

'ತಮಟೆ ಗುಲಾಮಗಿರಿಯ ಗುರುತು, ಬಿಸಾಕಿ' ಅನ್ನುವ ಗೆಳೆಯರು ನಮ್ಮೊಳಗೇ ಇದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಊರ ಚಾಕರಿಗೆ ಬಾರಿಸೋದು ಬೇಡವೇ ಬೇಡ. ಆದರೆ ತಪ್ಪು ಅಪ್ಪಣೆಯದು, ತಮಟೆಯದಲ್ಲ. ನಾವು ಬಿಸಾಕಿದ್ದನ್ನು ನಾಳೆ ಇನ್ಯಾರೋ ಎತ್ತಿಕೊಂಡು ತಮ್ಮದು ಅಂತ ಮಾರುತ್ತಾರೆ.

ಅದಕ್ಕೇ ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಕೇರಿಯ ಹಿರಿಯರ ಹತ್ತಿರ ಕೂತು, ಯಾವ ಬಡಿತ ಯಾವುದಕ್ಕೆ ಅಂತ ಕಲಿಯೋಣ, ಬರೆದಿಡೋಣ. ಫೋನಿನಲ್ಲಿ ಹಿಡಿದರೆ ಬಾರಿಸಿದವರ ಹೆಸರು ಹಾಕೋಣ. ಸಿನಿಮಾದವರೋ ಕಂಪನಿಯವರೋ ಕೇಳಿಕೊಂಡು ಬಂದರೆ ಕೂಲಿ, ಹೆಸರು, ಮುಂದಿನ ಪಾಲು, ಈ ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳೋಣ. ಆಮೇಲೆ ತಮಟೆ ಕಾಯಿಸೋಣ.

ಜೈಭೀಮ್.