ಅಕ್ಕಿಯಲ್ಲಿ ಅಡಗಿದ ಹೆಸರು

ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಸಿಂಧನೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅರ್ಧ ಚೀಲ ಅಕ್ಕಿಯನ್ನು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿ ಹೋಗುತ್ತಾನೆ. ಬೇಡವೆಂದರೆ ಕೇಳುವವನಲ್ಲ. ಎರಡು ವರ್ಷಗಳ ಹಿಂದೆ ಹೀಗೆಯೇ ಚೀಲ ಇಳಿಸಿದವನು, "ಸರ್, ಇದು ಮನಿಗಂತ ಬೆಳದದ್ದು. ಇದಕ್ಕ ಎಣ್ಣಿ ಹೊಡದಿಲ್ರಿ" ಎಂದ. ನಮ್ಮ ಸೀಮೆಯ ರೈತರ ಬಾಯಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದು ಹೆಸರು, ಇಲ್ಲವೇ ಔಷಧಿ ಎಂದು. ವಿಷವೆಂಬ ಮಾತು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆಯೇ ಹೊರತು ಹೊಲದಲ್ಲಿ ಕೇಳಿಬರುವುದಿಲ್ಲ. "ಹಾಗಾದರೆ ಪೇಟೆಗೆ ಕಳಿಸುವುದು?" ಎಂದು ನಾನು ಕೇಳಿದೆ. ಅವನು ನಕ್ಕು ಸುಮ್ಮನಾದ.

ಆಯುಷ್ಯವೆಲ್ಲ ಭಾಷೆ, ಸಾಹಿತ್ಯಗಳನ್ನು ಪಾಠ ಹೇಳಿಕೊಂಡು ಬಂದವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ಗೊಡವೆ ಹತ್ತಿದ್ದು ಆ ನಗೆಯಿಂದ. ಮನೆಗೊಂದು ಅಕ್ಕಿ, ಪೇಟೆಗೊಂದು ಅಕ್ಕಿ ಎಂದು ಬೆಳೆದವನೇ ಎರಡು ಮಾಡುವುದಾದರೆ, ಆ ಎರಡಕ್ಕೂ ಇರುವ ಭೇದವನ್ನು ಉಣ್ಣುವವನು ತಿಳಿಯುವುದು ಹೇಗೆ?

ನಮ್ಮ ತಾಯಂದಿರಿಗೆ ಈ ಪ್ರಶ್ನೆ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೊರ ಹಿಡಿದು ಕುಳಿತರೆಂದರೆ ಹೊಟ್ಟು ಒಂದು ಕಡೆ, ನುಚ್ಚು ಒಂದು ಕಡೆ, ಹರಳು ಒಂದು ಕಡೆ. ಹಸನು ಮಾಡುವುದು ಎಂಬ ಆ ಮಾತೇ ಎಷ್ಟು ಚೆಂದ! ಮುಗ್ಗಿದ ಕಾಳನ್ನು ಮೂಗು ಹೇಳುತ್ತಿತ್ತು, ಹುಳು ಬಿದ್ದದ್ದನ್ನು ಕಣ್ಣು ಹೇಳುತ್ತಿತ್ತು. ಇಂದಿನ ಕಲ್ಮಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ಹಿಟ್ಟೂ ಕೀಟನಾಶಕವೂ ಜೊತೆಜೊತೆಯಾಗಿ ಬಂದಿದ್ದವು. ಅಡುಗೆ ಮಾಡಿದವರಿಗಾಗಲಿ ಉಂಡವರಿಗಾಗಲಿ ಯಾವ ಸುಳಿವೂ ಸಿಕ್ಕಿರಲಿಲ್ಲ. 1968ರ ಕೀಟನಾಶಕ ಕಾಯಿದೆಯ ಹಿಂದೆ ಆ ಸಾವುಗಳಿವೆ.

ಸಿಂಧನೂರು ಮೊದಲಿನಿಂದ ಅಕ್ಕಿಯ ನಾಡಲ್ಲ. ಜೋಳ, ಹತ್ತಿಗಳ ಕರಿಯ ಎರೆಭೂಮಿ ಅದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಬಂದು, ನೀರಿನ ಹಿಂದೆಯೇ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದ ಮೇಲೆ ರೊಟ್ಟಿಯ ಸೀಮೆ ಸೋನಾಮಸೂರಿಯ ಸೀಮೆಯಾಯಿತು. ಮಳೆ ನಂಬಿದ ಜೋಳಕ್ಕೆ ಎಣ್ಣೆ ಹೊಡೆಯುವ ಪ್ರಸಂಗ ಅಪರೂಪ. ನೀರು ನಿಂತು ದಟ್ಟವಾಗಿ ಬೆಳೆವ ನೆಲ್ಲಿಗೆ ಕಂದು ಜಿಗಿಹುಳು, ಕಾಂಡ ಕೊರೆಯುವ ಹುಳು, ಬೆಂಕಿರೋಗ ಎಲ್ಲವೂ ಬೆನ್ನಿಗೆ ಬಂದವು. ಸಾಲ ಮಾಡಿ ನಾಟಿ ಹಚ್ಚಿದವನು ಜಿಗಿಹುಳು ಬಿದ್ದ ಗದ್ದೆಯನ್ನು ನೋಡುತ್ತ ಕೈಕಟ್ಟಿ ನಿಲ್ಲಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ಗಾಳಿಗೆ ಎದುರಾಗಿ ನಡೆದು, ಆ ತುಂತುರನ್ನು ಮೊದಲು ಉಸಿರಾಡುವವನೂ ಅವನೇ, ಇಲ್ಲವೇ ಅವನ ಕೂಲಿಯಾಳು.

ಈಗ ಪರೀಕ್ಷೆಯ ಮಾತಿಗೆ ಬರುತ್ತೇನೆ. ಹುಡುಕಬೇಕಾದ ವಸ್ತುವಿನ ಪ್ರಮಾಣ ಎಷ್ಟೆಂಬುದನ್ನು ತಿಳಿಯಲು ಸಿಂಧನೂರಿನಿಂದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗಿಬರುವುದು ಒಳ್ಳೆಯದು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಒಡೆದು ಅರೆದರೆ ಸಿಕ್ಕುವ ಚಿನ್ನ ಕೆಲವೇ ಗ್ರಾಂ. ಇಷ್ಟು ಕಲ್ಲಿನಲ್ಲಿ ಅಷ್ಟೇ ಹೊನ್ನೇ ಎಂದು ನಾವು ಬೆರಗಾಗುತ್ತೇವೆ. ನೆಲ್ಲಿನ ಬೆಂಕಿರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಎಂಬ ಔಷಧಿಗೆ ಯುರೋಪಿನ ದೇಶಗಳು 2017ರಲ್ಲಿ ಗೊತ್ತುಪಡಿಸಿದ ಮಿತಿ ಕಿಲೋ ಅಕ್ಕಿಗೆ 0.01 ಮಿಲಿಗ್ರಾಂ. ಎಂದರೆ ಟನ್ನಿಗೆ 10 ಮಿಲಿಗ್ರಾಂ. ಹಟ್ಟಿಯ ಕಲ್ಲಿನಲ್ಲಿ ಹೊನ್ನು ಎಷ್ಟು ವಿರಳವೋ ಅದರ ನೂರಾರು ಪಟ್ಟು ವಿರಳವಾದುದನ್ನು ಅಕ್ಕಿಯಲ್ಲಿ ಹುಡುಕಿ, ತೂಗಿ, ಹೆಸರು ಹೇಳಬೇಕು.

ಇದನ್ನು ಮಾಡುವುದು ಎರಡು ಯಂತ್ರಗಳ ಜೋಡಿ. ಮೊದಲನೆಯದರ ವಿದ್ಯೆಗೆ ಕ್ರೊಮಟಾಗ್ರಫಿ ಎಂದು ಹೆಸರು, ಬಣ್ಣದ ಬರವಣಿಗೆ ಎಂದು ಅದರ ಅರ್ಥ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಖಾಯಿಲ್ ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲೆ ಎಲೆಯ ರಸವನ್ನು ಸುರಿದ. ರಸ ಇಳಿಯುತ್ತ ಹೋದಂತೆ ಹಸಿರು, ಹಳದಿ ಪಟ್ಟಿಗಳಾಗಿ ಬೇರ್ಪಟ್ಟಿತು. ರಷ್ಯನ್ ಭಾಷೆಯಲ್ಲಿ ಸ್ವೆಟ್ ಎಂದರೆ ಬಣ್ಣವೇ ಆದ್ದರಿಂದ, ವಿದ್ಯೆಗೆ ಹೆಸರಿಡುವಾಗ ತನ್ನ ಹೆಸರನ್ನೂ ಗುಟ್ಟಾಗಿ ಸೇರಿಸಿದನೆಂದು ತಮಾಷೆಯಾಗಿ ಹೇಳುವುದುಂಟು. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ದ್ರವದ ಬದಲು ಅನಿಲವನ್ನು ಹರಿಸಿ ಇದನ್ನೇ ಸಾಧಿಸಿದರು. ಅಲ್ಲಿಗೆ ಬಣ್ಣ ಹೋಯಿತು, ಹೆಸರು ಉಳಿಯಿತು.

ಕ್ರಮ ಹೀಗಿದೆ. ಅಕ್ಕಿಯನ್ನು ಹಿಟ್ಟು ಮಾಡಿ, ದ್ರಾವಕ ಮತ್ತು ಲವಣಗಳೊಂದಿಗೆ ಕುಲುಕಿ, ಪಿಷ್ಟವನ್ನು ಬಿಟ್ಟು ಅದರಲ್ಲಿರಬಹುದಾದ ಕೀಟನಾಶಕವನ್ನು ದ್ರಾವಕಕ್ಕೆ ಇಳಿಸಿಕೊಳ್ಳುತ್ತಾರೆ. ಅದರ ಒಂದು ಹನಿಗಿಂತ ಕಡಿಮೆ ಪಾಲು ಯಂತ್ರಕ್ಕೆ ಹೋಗಿ ಆವಿಯಾಗುತ್ತದೆ. ಹೀಲಿಯಂ ಅನಿಲ ಆ ಆವಿಯನ್ನು ಸುಮಾರು 30 ಮೀಟರ್ ಉದ್ದದ, ಕೂದಲೆಳೆಯಂಥ ರಂಧ್ರದ ಕೊಳವೆಯಲ್ಲಿ ದೂಡಿಕೊಂಡು ಹೋಗುತ್ತದೆ. ಕೊಳವೆ ಸುರುಳಿ ಸುತ್ತಿಕೊಂಡು ಕಾದ ಒಲೆಯೊಳಗೆ ಕುಳಿತಿರುತ್ತದೆ, ಅದರ ಒಳಮೈಗೆ ತೆಳುವಾದ ಲೇಪವಿರುತ್ತದೆ. ಸಂತೆಯ ಬೀದಿಯಲ್ಲಿ ಹತ್ತು ಜನ ಒಟ್ಟಿಗೆ ಹೊರಟರೂ, ಅಂಗಡಿ ಅಂಗಡಿಯ ಮುಂದೆ ನಿಲ್ಲುವವನು ಕೊನೆಗೆ ಮುಟ್ಟುತ್ತಾನೆ, ಯಾವ ಕಡೆಯೂ ನೋಡದವನು ಮೊದಲು ಮುಟ್ಟುತ್ತಾನೆ. ಕೊಳವೆಯೊಳಗೆ ನಡೆಯುವುದೂ ಇದೇ. ಒಟ್ಟಿಗೆ ಹೊಕ್ಕ ವಸ್ತುಗಳು ಒಂದೊಂದಾಗಿ, ತಮ್ಮ ತಮ್ಮ ಹೊತ್ತಿಗೆ ಹೊರಬೀಳುತ್ತವೆ.

ಆದರೆ ಹೊತ್ತು ನೋಡಿ ಹೆಸರು ಹೇಳಲಾಗುವುದಿಲ್ಲ. ಒಂದೇ ಗಳಿಗೆಗೆ ಬಾಗಿಲು ತಟ್ಟುವವರು ಇಬ್ಬರಿರಬಹುದು. ಇಲ್ಲಿ ನನಗೆ ಮಸ್ಕಿಯ ಬೆಟ್ಟ ನೆನಪಾಗುತ್ತದೆ. ಬ್ರಾಹ್ಮೀ ಲಿಪಿಯನ್ನು ಪ್ರಿನ್ಸೆಪ್ 1837ರ ಹೊತ್ತಿಗೇ ಓದಿದ್ದ. ಶಾಸನಗಳ ಒಡೆಯ ದೇವಾನಾಂಪ್ರಿಯನೆಂದೂ ಗೊತ್ತಿತ್ತು. ಆದರೆ ಅದು ಬಿರುದು. ಸಿಂಹಳದ ಗ್ರಂಥಗಳ ನೆರವಿನಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಹೇಳುತ್ತಿದ್ದರು, ಕಲ್ಲು ಹೇಳಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಚಿನ್ನದ ಕೆಲಸದವನು ಕಂಡದ್ದು ಹೆಸರನ್ನು!

ಯಂತ್ರದ ಎರಡನೆಯ ಭಾಗ, ಮಾಸ್ ಸ್ಪೆಕ್ಟ್ರೋಮೀಟರು, ಇಂಥ ಹೆಸರನ್ನು ಕೊಡುತ್ತದೆ. ಕೊಳವೆಯಿಂದ ಹೊರಬಂದ ಅಣುವಿಗೆ ಎಲೆಕ್ಟ್ರಾನುಗಳ ಪೆಟ್ಟು ಕೊಟ್ಟು ಒಡೆದು ಚೂರುಗಳನ್ನು ತೂಗುತ್ತಾರೆ. ಮಡಕೆ ಒಂದೊಂದು ಸಲ ಒಂದೊಂದು ರೀತಿ ಒಡೆಯಬಹುದು, ಒಂದು ವಸ್ತುವಿನ ಕೋಟ್ಯಂತರ ಅಣುಗಳು ಒಟ್ಟಾರೆ ಒಂದೇ ವಿನ್ಯಾಸದಲ್ಲಿ ಒಡೆಯುತ್ತವೆ. ನೆಲ್ಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್ ಒಡೆದರೆ 97, 197, 199, 314 ಎಂಬ ತೂಕಗಳ ಚೂರುಗಳು ಎದ್ದು ಕಾಣುತ್ತವೆ. ಅದರಲ್ಲಿರುವ ಕ್ಲೋರಿನ್ ಪರಮಾಣುವಿಗೆ 35 ಮತ್ತು 37 ಎಂಬ ಎರಡು ತೂಕಗಳಿರುವುದರಿಂದ ಗುರುತುಗಳು ಜೋಡಿಯಾಗಿ ಬೀಳುತ್ತವೆ. ಲಕ್ಷಾಂತರ ವಸ್ತುಗಳ ಇಂಥ ಗುರುತುಗಳ ಕೋಶವೊಂದಿದೆ, ಅದರೊಡನೆ ಹೋಲಿಸಿ ಹೆಸರು ಓದುತ್ತಾರೆ. ನಿಘಂಟಿಲ್ಲದೆ ಹಳಗನ್ನಡ ಓದಿಸಲಾಗದ ನನಗೆ ಇದು ತಕ್ಷಣ ಅರ್ಥವಾಯಿತು.

ಹೆಸರು ತಿಳಿದರೆ ಎಲ್ಲ ತಿಳಿದಂತೆಯೇ? ಅಲ್ಲ. ಬಿಸಿಗೆ ಆವಿಯಾಗದ, ಆಗುವ ಮೊದಲೇ ಕೆಡುವ ಕೀಟನಾಶಕಗಳು ಈ ಯಂತ್ರಕ್ಕೆ ಕಾಣುವುದಿಲ್ಲ. ಅವಕ್ಕೆ ದ್ರವ ಹರಿಸುವ ಬೇರೆ ಯಂತ್ರ ಬೇಕು. ಇನ್ನು, ಕಂಡದ್ದೇ ಕಾರಣವೆನ್ನಲೂ ಆಗದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಜನರ ಸೊಂಟ, ಮೊಣಕಾಲುಗಳು ಸವೆದು ನಡೆಯಲಾರದಂತಾದಾಗ, ಕೀಟನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂದು ಬಲವಾದ ಅನುಮಾನವಿತ್ತು. ಮುಂದಿನ ಸಂಶೋಧನೆಗಳು ಅದನ್ನು ವಂಶದಲ್ಲಿ ಹರಿದುಬರುವ ಮೂಳೆಯ ಕಾಯಿಲೆಯೆಂದವು. ಆದರೆ ಕಾಸರಗೋಡಿನ ಮಾತು ಬೇರೆ. ಅಲ್ಲಿ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆಯ ವೈದ್ಯರೂ ಪತ್ರಕರ್ತರೂ ಕೂಗಿ ಹೇಳಿದ್ದನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿಯ ನೀರು, ರಕ್ತಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆಯೆಂದಿತು. ಇನ್ನೊಂದು ಪ್ರಯೋಗಾಲಯದ ವರದಿ ಬೇರೆಯದನ್ನೇ ಹೇಳಿತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಮಾದರಿಯನ್ನು ಯಾರು, ಎಲ್ಲಿಂದ, ಯಾವಾಗ ತಂದರೆಂಬುದು ಅದಕ್ಕಿಂತ ಮುಖ್ಯ.

ನಮ್ಮ ಜಿಲ್ಲೆಗೂ ಈ ವಿದ್ಯೆ ಬಂದಿದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಶೇಷವನ್ನು ಪರೀಕ್ಷಿಸುವ ಪ್ರಯೋಗಾಲಯವಿದೆ. ಆದರೆ ಪರದೇಶಕ್ಕೆ ಹೋಗುವ ಅಕ್ಕಿಗೆ ಪರೀಕ್ಷೆಯ ಕಟ್ಟುನಿಟ್ಟು ಇರುವಷ್ಟು ಸಿಂಧನೂರಿನ ಸಂತೆಯಲ್ಲಿ ಮಾರುವ ಅಕ್ಕಿಗಿಲ್ಲ. ಆ ಅಕ್ಕಿಯ ತೌಡಿಗಂತೂ ಕೇಳುವವರೇ ಇಲ್ಲ. ಕೀಟನಾಶಕದ ಹೆಚ್ಚಿನ ಪಾಲು ಹೊಟ್ಟು, ತೌಡುಗಳಲ್ಲಿ ನಿಲ್ಲುತ್ತದೆ, ಪಾಲಿಶ್ ಮಾಡಿ ತೊಳೆದು ಬೇಯಿಸಿದ ಅಕ್ಕಿಯಲ್ಲಿ ಕಡಿಮೆಯಾಗುತ್ತದೆ. ಆ ತೌಡು ಹೋಗುವುದು ಎಮ್ಮೆಯ ಬಾನಿಗೆ.

ಆ ಸಂಕ್ರಾಂತಿಯ ಅಕ್ಕಿಯ ಕತೆ ಹೇಳಿ ಮುಗಿಸುತ್ತೇನೆ. ಪರಿಚಿತರೊಬ್ಬರು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಆ ಚೀಲದ ಒಂದು ಕಿಲೋ ಅಕ್ಕಿಯನ್ನು ನಾನೇ ಕಳಿಸಿದೆ. ಕಳಿಸುವ ಮೊದಲು ಅವನನ್ನು ಕೇಳಲಿಲ್ಲ. ಅದು ನನ್ನ ತಪ್ಪು. ಕಾನೂನಿನ ಮಿತಿಗಿಂತ ಬಹಳ ಕೆಳಗೆ, ಆದರೂ ಹೆಸರು ಹಿಡಿಯುವಷ್ಟು, ಕ್ಲೋರ್‌ಪೈರಿಫಾಸ್ ಅದರಲ್ಲಿತ್ತು. ಫೋನಿನಲ್ಲಿ ತಿಳಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾ ಸುಳ್ಳು ಹೇಳಿಲ್ರಿ ಸರ್" ಎಂದ. ಅವನು ಸುಳ್ಳು ಹೇಳಿದನೆಂದು ನನಗೂ ಅನಿಸಿರಲಿಲ್ಲ. ಬದುವಿನಾಚೆಯ ಗದ್ದೆಗೆ ಹೊಡೆದದ್ದನ್ನು ಗಾಳಿ ತಂದಿರಬಹುದು, ಮೇಲಿನ ಗದ್ದೆಯ ನೀರು ತಂದಿರಬಹುದು, ಹಳೆಯ ಚೀಲದಲ್ಲೇ ಇದ್ದಿರಬಹುದು. ಯಂತ್ರ ಹೆಸರು ಹೇಳಿತು, ಬಂದ ದಾರಿಯನ್ನು ಹೇಳಲಿಲ್ಲ.

ಈ ವರ್ಷವೂ ಅವನು ಅಕ್ಕಿ ತಂದ. ಹೊಸ ಬಟ್ಟೆಯ ಚೀಲ ಹೊಲಿಸಿದ್ದ. ಮನೆಯದು, ಪೇಟೆಯದು ಎಂಬ ಮಾತು ಆಡಲಿಲ್ಲ. ಚಹಾ ಕುಡಿದು ಏಳುವಾಗ, ಎಮ್ಮೆಗೆ ಹಾಕುವ ತೌಡನ್ನೂ ಅಲ್ಲಿ ನೋಡುತ್ತಾರೆಯೇ, ಎಷ್ಟು ರೊಕ್ಕ ಕೊಡಬೇಕಾಗುತ್ತದೆ ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆಂದಿದ್ದೇನೆ.