ಆಸ್ಪತ್ರೆಯ ಅಂಕಪಟ್ಟಿಯಲ್ಲಿ ಕನ್ನಡಕ್ಕೆ ಎಷ್ಟು ಅಂಕ?

(ಬಂಡ್ರಿಯ ಕನ್ನಡ ತರುಣರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾಮಫಲಕಕ್ಕಾಗಿ ನೀವು ಬೀದಿಗಿಳಿದಿರಿ, ಲಾಠಿ ಏಟು ತಿಂದಿರಿ. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಸಂತೋಷ! ಆಸ್ಪತ್ರೆಯ ಬಾಗಿಲ ಮೇಲೆ ಈಗ ಕನ್ನಡವಿದೆ. ಬಾಗಿಲು ದಾಟಿ ಒಳಗೆ ಹೋದ ಮೇಲೆ?

ನಮ್ಮೂರಲ್ಲಿ ಕಾಯಿಲೆ ಜೋರಾದರೆ ಸಂಡೂರು, ಅಲ್ಲಿ ಆಗದಿದ್ದರೆ ಬಳ್ಳಾರಿ. ಅಲ್ಲಿ ರೋಗಿ ಏನು ಹೇಳುತ್ತಾನೆ? "ಎದೆ ಉರಿ" ಅನ್ನುತ್ತಾನೆ, "ಎದೆ ಹಿಂಡಿದಂಗಾಗುತ್ತೆ" ಅನ್ನುತ್ತಾನೆ. ಎರಡೂ ಒಂದೇ ಅಲ್ಲ ಸ್ವಾಮಿ! "ಜೋಮು ಹಿಡಿದಿದೆ", "ಕಣ್ಣು ಕತ್ತಲಾಗುತ್ತೆ", "ಹೊಟ್ಟೆ ನುಲಿಯುತ್ತೆ" ಅನ್ನುವ ಮಾತು ಕೇಳುವವರಿಗೆ ತಿಳಿಯದಿದ್ದರೆ ಯಂತ್ರ ಎಷ್ಟು ಕೋಟಿಯದಾದರೇನು? ರೋಗ ಮೊದಲು ಹೊರಬರುವುದು ಮಾತಿನಲ್ಲಿ.

ನನ್ನದು ಅಚ್ಚಿನ ಕಸುಬು. ಚೀಟಿ, ರಿಜಿಸ್ಟರು, ಒಪ್ಪಿಗೆ ಪತ್ರ ಎಲ್ಲ ಅಚ್ಚು ಹಾಕುತ್ತೇವೆ. ಹತ್ತಿರದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆ ತನ್ನ ನೌಕರರಿಗೆ ವರ್ಷಕ್ಕೊಮ್ಮೆ ಅಂಕ ಕೊಡುವ ಫಾರಂ ಅಚ್ಚಿಗೆ ತಂದಿತ್ತು. ಎಲ್ಲವೂ ಇಂಗ್ಲಿಷ್. ಹೊತ್ತಿಗೆ ಸರಿಯಾಗಿ ಬಂದರೇ, ಸಮವಸ್ತ್ರ ಹಾಕಿದರೇ, ಫೈಲು ತುಂಬಿದರೇ, ಬಿಲ್ಲು ಬಿಟ್ಟುಹೋಯಿತೇ — ಎಲ್ಲಕ್ಕೂ ಕಾಲಂ ಇದೆ. ರೋಗಿಗೆ ತಿಳಿಯುವಂತೆ ಹೇಳಿದರೇ? ಅದಕ್ಕಿಲ್ಲ! ಕೊನೆಯಲ್ಲಿ "ಓದಿ ಒಪ್ಪಿದ್ದೇನೆ" ಎಂದು ನೌಕರರ ಸಹಿಗೆ ಜಾಗ, ಅದೂ ಇಂಗ್ಲಿಷಿನಲ್ಲಿ. ನೆಲ ಒರೆಸುವ ಆಯಾ ಅದನ್ನು ಹೇಗೆ ಓದುತ್ತಾಳೆ? ಮ್ಯಾನೇಜರನ್ನು ಕೇಳಿದರೆ "ತಪಾಸಣೆಗೆ ಬರುವವರು ಇಂಗ್ಲಿಷ್ ಕೇಳುತ್ತಾರೆ ಸಾರ್" ಅಂದರು. ತಪಾಸಣೆಗೆ ಬರುವವರು ವರ್ಷಕ್ಕೊಮ್ಮೆ ಬರುತ್ತಾರೆ, ರೋಗಿ ದಿನಾ ಬರುತ್ತಾನೆ.

ಯಾವುದಕ್ಕೆ ಅಂಕ ಇದೆಯೋ ಆ ಕೆಲಸ ನಡೆಯುತ್ತದೆ. ಮೇಷ್ಟ್ರು ಪರೀಕ್ಷೆಗೆ ಬರಲ್ಲ ಅಂದ ಪಾಠ ನಾವು ಓದಿದೆವಾ? ಕನ್ನಡದಲ್ಲಿ ತಿಳಿಹೇಳುವುದು ಉಪಕಾರವಲ್ಲ, ಕೆಲಸ. ಆದ್ದರಿಂದ ಅದಕ್ಕೆ ಅಂಕ ಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೇಳಿದರು. ಒಳ್ಳೆಯ ಮಾತು. ಆದರೆ ವರ್ಷದ ಕಾರ್ಯನಿರ್ವಹಣಾ ವರದಿಯಲ್ಲಿ ಅದಕ್ಕೊಂದು ಸಾಲು ಬರುವ ತನಕ ಪತ್ರ ಪತ್ರವೇ. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ, ರೋಗಿಗೆ ಸಾಕಷ್ಟು ವಿಷಯ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದಿತು. ಇಂಗ್ಲಿಷ್ ಹಾಳೆಗೆ ಒತ್ತಿಸಿಕೊಂಡ ಹೆಬ್ಬೆಟ್ಟು ಎಂಥ ಒಪ್ಪಿಗೆ?

ಇಲ್ಲಿ ಒಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ಕೇರಳದಿಂದ ಬಂದ ನರ್ಸಮ್ಮನ ಮೇಲೆ ಕೂಗಾಡಬೇಡಿ. ರಾತ್ರಿಯೆಲ್ಲ ನಮ್ಮ ಅಪ್ಪ-ಅಮ್ಮನ ತಲೆಗಟ್ಟಿನಲ್ಲಿ ನಿಂತವಳು ಅವಳು. ಜಗಳವಾಡಬೇಕಾದ್ದು ಆಡಳಿತದವರ ಹತ್ತಿರ. ಡ್ಯೂಟಿ ಹೊತ್ತಿನಲ್ಲೇ ಕನ್ನಡ ಕಲಿಸಲಿ, ಕಲಿತವರಿಗೆ ಅಂಕ ಕೊಡಲಿ, ಬಡ್ತಿಯಲ್ಲಿ ಎಣಿಸಲಿ. ಕಲಿಸದೆ ಅಂಕ ಕಳೆಯುವುದು ಅನ್ಯಾಯ.

ಅಂಕ ಕೊಡುವ ರೀತಿಗೂ ಒಂದು ನ್ಯಾಯ ಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ತೆಗೆಯುವುದು ಯಾಕೆ? ತಪ್ಪು ಅಕ್ಷರವನ್ನು ಅಲ್ಲೇ ಗುರುತು ಹಾಕಿ ಡಿ.ಟಿ.ಪಿ. ಹುಡುಗಿಗೆ ತೋರಿಸುವುದಕ್ಕೆ. ಸಾವಿರ ಪ್ರತಿ ಅಚ್ಚಾದ ಮೇಲೆ ಬೈದು ಫಲವೇನು? ಆಸ್ಪತ್ರೆಯಲ್ಲೂ ಹಾಗೆಯೇ. ತಪ್ಪನ್ನು ಆ ವಾರವೇ, ಕೂರಿಸಿಕೊಂಡು, ಅವರ ಭಾಷೆಯಲ್ಲಿ ಹೇಳಬೇಕು. ಗುಟ್ಟಾಗಿ ಬರೆದಿಟ್ಟು ವರ್ಷದ ಕೊನೆಗೆ ಬಡ್ತಿ ತಪ್ಪಿಸಬಾರದು. ದೇವದತ್ತ ಎಂಬ ಇಂಜಿನಿಯರ್‌ಗೆ ಒಂದು ವರ್ಷ ವರದಿಯಲ್ಲಿ "ಉತ್ತಮ" ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು "ಅತ್ಯುತ್ತಮ". ಅವರಿಗೆ ತಿಳಿಸಲೇ ಇಲ್ಲ, ಬಡ್ತಿ ಹೋಯಿತು. ಸುಪ್ರೀಂ ಕೋರ್ಟು 2008ರಲ್ಲೇ ಹೇಳಿತು: ಒಳ್ಳೆಯದಿರಲಿ ಕೆಟ್ಟದ್ದಿರಲಿ, ವರದಿಯಲ್ಲಿ ಬರೆದದ್ದೆಲ್ಲವನ್ನೂ ನೌಕರನಿಗೆ ತಿಳಿಸಬೇಕು. ಓದಲಾಗದ ಭಾಷೆಯಲ್ಲಿ ಕೊಟ್ಟರೆ ಅದು ತಿಳಿಸಿದಂತಾಯಿತೇ?

ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಆಶಾ ಅಕ್ಕಂದಿರೇ ಸಾಕ್ಷಿ. ಅವರ ಪ್ರೋತ್ಸಾಹಧನ ಮಾಡಿದ ಕೆಲಸದ ಲೆಕ್ಕದ ಮೇಲೆ ಬರುತ್ತದೆ. ಗರ್ಭಿಣಿಯ ಜೊತೆ ರಾತ್ರಿ ಆಸ್ಪತ್ರೆಗೆ ಹೋದರೂ ಪೋರ್ಟಲ್‌ನಲ್ಲಿ ಏರದಿದ್ದರೆ ದುಡ್ಡಿಲ್ಲ ಎಂಬುದು ಅವರ ದೂರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಹೋರಾಡಿದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು.

ಇನ್ನು ನಮ್ಮ ಜಿಲ್ಲೆಯ ಗಾಯ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐದು ತಾಯಂದಿರು! ಸಂಶಯ ಹೋದದ್ದು ಹೊರಗಿನ ಕಂಪನಿ ಸರಬರಾಜು ಮಾಡಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಡ್ರಗ್ ಕಂಟ್ರೋಲರ್ ಅಮಾನತಾದರು. ಬಾಟಲಿ ನೇತುಹಾಕಿದ ನರ್ಸಮ್ಮನಿಗೆ ಒಳಗೇನಿದೆ ಎಂದು ಹೇಗೆ ಗೊತ್ತಾಗಬೇಕು? ನೌಕರನ ತಪ್ಪು ಯಾವುದು, ಸರಬರಾಜಿನ ತಪ್ಪು ಯಾವುದು ಎಂದು ಬೇರೆ ಮಾಡದ ಅಂಕಪಟ್ಟಿ ಸಿಕ್ಕಿದವರ ತಲೆ ಮೇಲೆ ಬೀಳುತ್ತದೆ. ಮೊದಲು "ಏನೋ ಸರಿಯಿಲ್ಲ" ಎಂದು ಬಾಯಿಬಿಟ್ಟು ಹೇಳಿದ ನೌಕರನಿಗೆ ಅಂಕ ಇರಬೇಕು. ಈಗ ಹಾಗೆ ಹೇಳಿದವನಿಗೆ ಮೆಮೋ ಸಿಗುವುದೂ ಉಂಟು.

ತರುಣರೇ, ಮುಂದಿನ ಸೋಮವಾರ ನಿಮ್ಮ ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ. ಘೋಷಣೆ ಬೇಡ, ಅಲ್ಲಿ ಜ್ವರದವರು ಮಲಗಿರುತ್ತಾರೆ. ಅಧೀಕ್ಷಕರನ್ನು ಕಂಡು ಎರಡೇ ಕೇಳಿ: ಒಪ್ಪಿಗೆ ಪತ್ರದ ಕನ್ನಡ ಪ್ರತಿ ತೋರಿಸಿ. ನೌಕರರ ವರದಿಯಲ್ಲಿ "ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿದ್ದಾರೆಯೇ" ಎಂಬ ಸಾಲು ಎಲ್ಲಿದೆ ತೋರಿಸಿ. ಇಲ್ಲ ಎಂದರೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನವಿ ಪತ್ರದ ಅಚ್ಚಿನ ಖರ್ಚು ನನ್ನದು. ಎಷ್ಟು ಪ್ರತಿ ಬೇಕು ಎಂದು ಸಭೆ ಮುಗಿದ ಮೇಲೆ ಬರೆಸಿ ಹೋಗಿ.